ಕಾಯಕ ಮರೆತವರಿಗೆ ಲಕ್ಕಮ್ಮನವರ ಎಚ್ಚರ

ಹಾಸನ ಸೀಮೆಯ ಒಕ್ಕಲು ಮಕ್ಕಳಿಗೆ ಮುಯ್ಯಾಳು ಪದ್ಧತಿ ಹೊಸದಲ್ಲ. ಇಂದು ಇವರ ಗದ್ದೆಯಲ್ಲಿ ನಾಟಿಯಾದರೆ ನಾಳೆ ಅವರ ಗದ್ದೆಯಲ್ಲಿ. ಮುಯ್ಯಿಗೆ ಬಂದವರೊಬ್ಬರು ಬದುವಿನ ಮೇಲೆ ಕುಳಿತರೆ ಅವರ ಪಾಲಿನ ಕೆಲಸ ಪಕ್ಕದವರ ಬೆನ್ನಿಗೆ ಬೀಳುತ್ತದೆ. ಕಚೇರಿಯಲ್ಲಿಯೂ ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಸರಿಯುವುದು ಹೀಗೆಯೇ. ಆಗ ನೊಂದವರು ಮೌನವಾಗಿ ಹೊರುತ್ತಾರೆ, ಇಲ್ಲವೆ ಹಿಂದಿನಿಂದ ಆಡಿಕೊಳ್ಳುತ್ತಾರೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನವರು ಮೂರನೆಯ ದಾರಿಯನ್ನು ತೋರಿದ್ದಾರೆ. ಪತಿ ಮಾರಯ್ಯನವರದು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಅದರಿಂದಲೇ ದಂಪತಿಗಳ ದಾಸೋಹ. ಶೂನ್ಯಸಂಪಾದನೆಯ ಕಥೆಯಂತೆ, ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ ಲಕ್ಕಮ್ಮನವರು ನೇರವಾಗಿ, ಗೌರವದಿಂದಲೇ ಎಚ್ಚರಿಸಿದರು. ಅವರು ಅವಸರದಿಂದ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದರು.

ಮಾರಯ್ಯನವರು ಕಾಯಕ ಮರೆತದ್ದು ಸೋಮಾರಿತನದಿಂದಲ್ಲ, ಸತ್ಸಂಗದ ಸವಿಯಿಂದ. ಆದರೂ ಲಕ್ಕಮ್ಮನವರು ವಿನಾಯಿತಿ ಕೊಡಲಿಲ್ಲ. ಕೊರತೆಯನ್ನು ತಾವೇ ತುಂಬಿ ಮುಚ್ಚಿಡಲೂ ಇಲ್ಲ. ಮೈಗಳ್ಳ ಸಹೋದ್ಯೋಗಿಯ ಕೆಲಸವನ್ನು ದಿನವೂ ಗುಟ್ಟಾಗಿ ಮಾಡಿಕೊಡುವುದು ದಾಸೋಹವಲ್ಲ, ಅವರ ಕಾಯಕವನ್ನೇ ಕಸಿಯುವುದು. ಕಾಯಿಲೆಯವರಿಗೆ, ಮನೆಯಲ್ಲಿ ಕಷ್ಟವಿರುವವರಿಗೆ ಹೆಗಲು ಕೊಡುವ ಮಾತು ಬೇರೆ. ಆದ್ದರಿಂದ ಮೊದಲು ಕಾರಣ ಕೇಳಬೇಕು. ಅನಂತರ ಹೇಳಬೇಕಾದುದನ್ನು ಅವರೆದುರಿಗೇ ಹೇಳಬೇಕು. ಮೇಲಧಿಕಾರಿಗೆ ದೂರು ಕೊನೆಯ ಮೆಟ್ಟಿಲು. ಇಷ್ಟಕ್ಕೂ ಮುನ್ನ ತನ್ನ ಮೊರದಲ್ಲಿರುವ ಅಕ್ಕಿ ಎಷ್ಟೆಂಬುದನ್ನು ಒಮ್ಮೆ ನೋಡಿಕೊಳ್ಳಬೇಕು.