ಕ್ಯಾಮೆರಾ ಬಂತು, ಮಾವಶಿ ಎಲ್ಲಿ?

ಶಾಲೆಯ ಬಸ್ಸಿಗೆ ಕ್ಯಾಮೆರಾ ಕೂಡಿಸಿದ್ದಾರೆಂದರೆ ಸಾಕು, ಕೋಥರೂಡದ ಪಾಲಕರಾದ ನಾವು ನಿಶ್ಚಿಂತರಾಗುತ್ತೇವೆ. ಕ್ಯಾಮೆರಾ ಬೇಡವೆನ್ನುವವರು ನಾವಲ್ಲ; ಕೆಟ್ಟ ಕೈ ಒಂದಿಷ್ಟು ಹೆದರುವುದಾದರೆ ಅದೂ ಇರಲಿ. ಆದರೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಹೊತ್ತ ನಮಗೆ ಗೊತ್ತಿದೆ, ದಾಖಲೆ ಆದದ್ದನ್ನು ಹೇಳುತ್ತದೆ, ಆಗುವುದನ್ನು ತಡೆಯುವುದಿಲ್ಲ.

ಸಂಜೆ ಪೌಡ ರಸ್ತೆಯಲ್ಲಿ ನಿಂತು ನೋಡಿರಿ. ಮನೆ ಆ ಬದಿಗೆ, ಬಸ್ಸು ಈ ಬದಿಗೆ. ಚೀಲ ಹೊತ್ತ ಆರು ವರ್ಷದ ಕೂಸು ಬಸ್ಸಿನ ಮುಂದಿನಿಂದಲೇ ದಾಟಲು ಹೊರಡುತ್ತದೆ. ಬಲಗಡೆಯಿಂದ ನುಗ್ಗುವ ಸ್ಕೂಟರಿನವನಿಗೆ ಅದು ಕಾಣುವುದೇ ಇಲ್ಲ. ಆಗ ಕೈ ಹಿಡಿಯುವವರು ಯಾರು?

ನಿಯಮವಿಲ್ಲವೆಂದಲ್ಲ. 1997ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಶಾಲೆಯ ಬಸ್ಸು ಯಮುನೆಗೆ ಬಿದ್ದು 28 ಮಕ್ಕಳು ಸತ್ತ ಮೇಲೆ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿತು. ಮಹಾರಾಷ್ಟ್ರವು 2011ರಲ್ಲಿ ಶಾಲಾ ಬಸ್ಸುಗಳಿಗೆಂದೇ ನಿಯಮ ಮಾಡಿತು: ಬಸ್ಸಿನಲ್ಲಿ ಸಹಾಯಕರು, ಇಲ್ಲಿಯವರ ಮಾತಿನಲ್ಲಿ ಮಾವಶಿ, ಇರಬೇಕು, ಪ್ರತಿ ಶಾಲೆಗೆ ಸಾರಿಗೆ ಸಮಿತಿ, ಅದರಲ್ಲಿ ಪಾಲಕರ ಪ್ರತಿನಿಧಿಯೂ ಇರಬೇಕು. ಆ ಪ್ರತಿನಿಧಿ ಯಾರೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಗಣಪತಿ ವರ್ಗಣಿಯ ಲೆಕ್ಕವನ್ನಂತೂ ಪೈಸೆ ಬಿಡದೆ ಕೇಳುತ್ತೇವೆ!

ನಾಲ್ಕು ದುಡ್ಡು ಉಳಿಯುತ್ತದೆಂದು ಮಗುವನ್ನು ‘ರಿಕ್ಷಾಕಾಕಾ’ನ ಸೀಟಿನ ತುದಿಗೆ ಒತ್ತಿ ಕೂಡಿಸುವವರೂ ನಾವೇ. ಅಲ್ಲಿ ಯಾವ ಕ್ಯಾಮೆರಾ?

ಮರಾಠಿ ನೆಟ್ಟಗೆ ಬರುವುದಿಲ್ಲವೆಂದು ಪಾಲಕರ ಸಭೆಯಲ್ಲಿ ಹಿಂದಿನ ಬೆಂಚು ಹಿಡಿದದ್ದು ಸಾಕು. ಜೂನಿನಲ್ಲಿ ಶಾಲೆ ತೆರೆಯುವ ಮೊದಲೇ ಮುಖ್ಯಾಧ್ಯಾಪಕರಿಗೆ ಬರೆದು ಕೇಳೋಣ: ಮಾವಶಿ ಮಗುವನ್ನು ರಸ್ತೆ ದಾಟಿಸಿ ಬಿಡುತ್ತಾಳೆಯೇ, ಇಲ್ಲವೇ? ಉತ್ತರ ಬರವಣಿಗೆಯಲ್ಲೇ ಬರಲಿ. ಬಂದದ್ದನ್ನು ಸಂಘದ ಕಚೇರಿಗೆ ತಂದು ಕೊಡಿರಿ.