ಯಂತ್ರವು ಬರೆಯುವ ದಿನಚರಿ

ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ರಚಿಸುವವರು ತಾವು ಮಾಡಿದ ಪ್ರತಿಯೊಂದು ತಿದ್ದುಪಡಿಗೂ ಒಂದೆರಡು ಸಾಲಿನ ಟಿಪ್ಪಣಿಯನ್ನು ಬರೆದಿಡುವುದು ವಾಡಿಕೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬವರು ನಿರ್ಮಿಸಿದ 'ಗಿಟ್' ಎಂಬ ಸಾಧನವು, ಯಾರು, ಎಂದು, ಏನನ್ನು ಬದಲಿಸಿದರೆಂಬುದನ್ನು ಈ ಟಿಪ್ಪಣಿಯೊಡನೆ ಜೋಪಾನವಾಗಿರಿಸುತ್ತದೆ. ಈಗ ಕೃತಕ ಬುದ್ಧಿಮತ್ತೆಯು ಆ ತಿದ್ದುಪಡಿಗಳನ್ನೋದಿ, ಟಿಪ್ಪಣಿಯನ್ನೂ ದಿನದ ಕೆಲಸದ ಸಾರಾಂಶವನ್ನೂ ಕ್ಷಣಮಾತ್ರದಲ್ಲಿ ತಾನೇ ಬರೆದುಕೊಡುತ್ತಿದೆ. ಶ್ರಮವುಳಿಯಿತೆಂದು ಹಲವರು ಹಿಗ್ಗುತ್ತಾರೆ. ಆ ಹಿಗ್ಗು ಅಕಾರಣವಲ್ಲ. ಅವಸರದಲ್ಲಿ 'ಸರಿಪಡಿಸಿದೆ' ಎಂದಷ್ಟೇ ಗೀಚುವವನ ಟಿಪ್ಪಣಿಗಿಂತ ಯಂತ್ರದ ಟಿಪ್ಪಣಿಯೇ ಮೇಲು.

ಆದರೆ ಒಂದು ಉದಾಹರಣೆಯನ್ನು ನೋಡೋಣ. ದೂರದ ಯಂತ್ರದಿಂದ ಉತ್ತರ ಬರಲೆಂದು ಕಾಯುವ ಅವಧಿಯನ್ನು ಒಬ್ಬನು 30 ಸೆಕೆಂಡಿನಿಂದ 60ಕ್ಕೆ ಏರಿಸಿದನೆನ್ನಿ. 'ಅವಧಿಯನ್ನು ಇಮ್ಮಡಿಗೊಳಿಸಲಾಗಿದೆ' ಎಂದು ಯಂತ್ರವು ಬರೆದೀತು. ಅದು ನಿಜವೇ. ಆದರೆ ಹಳ್ಳಿಯ ಆಸ್ಪತ್ರೆಯೊಂದರಲ್ಲಿ ಸಂಪರ್ಕವು ಮಂದವಾಗಿ, ರೋಗಿಯ ವಿವರ ತಲುಪುವ ಮೊದಲೇ ಅವಧಿ ಮುಗಿಯುತ್ತಿದ್ದುದರಿಂದ ಹಾಗೆ ಮಾಡಿದನೆಂಬುದು ತಿದ್ದಿದ ಸಾಲಿನಲ್ಲಿಲ್ಲ, ಅವನ ಮನಸ್ಸಿನಲ್ಲಿದೆ. ಅದನ್ನು ಅವನು ಬರೆದಿಡದಿದ್ದರೆ, ಮುಂದೆ ಬಂದವನು ಅನಗತ್ಯ ವಿಳಂಬವೆಂದು ಬಗೆದು ಅವಧಿಯನ್ನು ಮತ್ತೆ 30ಕ್ಕಿಳಿಸಬಹುದು. ಅದರ ಕಷ್ಟವನ್ನು ರೋಗಿಯು ಅನುಭವಿಸಬೇಕಾದೀತು.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮುಂದೆ ಈ ಉದ್ಯೋಗವನ್ನೇ ಕೈಕೊಳ್ಳಬಹುದು. ಏನು ಮಾಡಿದೆವೆಂಬುದನ್ನು ಯಂತ್ರವು ಬರೆಯಲಿ. ಓದಿ, ಸರಿಯೆಂದು ಕಂಡ ಮೇಲೆಯೇ ಅದಕ್ಕೆ ನಮ್ಮ ಹೆಸರನ್ನು ಸೇರಿಸೋಣ. ಏಕೆ ಮಾಡಿದೆವೆಂಬುದನ್ನು ಮಾತ್ರ ನಾವೇ ಬರೆಯತಕ್ಕದ್ದು. ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಈ ಅಭ್ಯಾಸವನ್ನು ಇಂದೇ ಆರಂಭಿಸಬಹುದಲ್ಲವೇ?