ಕ್ಯೂ ಒತ್ತುವ ಮುನ್ನ...

"ಡೆಬಿಯನ್ ಹಾಕ್ಕೊಂಡ ತಕ್ಷಣ ಆಪ್ಟ್-ಲಿಸ್ಟ್‌ಚೇಂಜಸ್ ಕಿತ್ತು ಬಿಸಾಕಿ, ಸುಮ್ನೆ ತಲೆ ತಿನ್ನುತ್ತೆ" ಅಂತ ಗೆಳೆಯರೊಬ್ಬರು ಉಪದೇಶ ಮಾಡಿದರು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಇವತ್ತು ಸ್ವಲ್ಪ ಜಗಳ ಆಡೋಣ ಅಂತ :)

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಟರ್ಮಿನಲ್‌ನಲ್ಲಿ ಓಡುವ ಸಣ್ಣ ತಂತ್ರಾಂಶ. ನೀವು ಅಪ್‌ಗ್ರೇಡ್ ಮಾಡುವಾಗ, ಹೊಸ ಪ್ಯಾಕೇಜುಗಳು ಡೌನ್‌ಲೋಡ್ ಆದ ಮೇಲೆ, ಇನ್‌ಸ್ಟಾಲ್ ಆಗುವ ಮೊದಲು, ಅವುಗಳೊಳಗಿನ 'ನ್ಯೂಸ್' ಕಡತ ತೆಗೆದು ತೋರಿಸುತ್ತದೆ. ಅದೂ ನಿಮ್ಮಲ್ಲಿರುವ ಆವೃತ್ತಿಯಿಂದ ಈಚೆಗೆ ಬದಲಾದದ್ದನ್ನು ಮಾತ್ರ.

"ಪುಟಗಟ್ಟಲೆ ಯಾರ್ರೀ ಓದ್ತಾರೆ?" ಅನ್ನುತ್ತಾರೆ. ಪುಟಗಟ್ಟಲೆ ಇರುವುದು ಚೇಂಜ್‌ಲಾಗ್. ಅದು ಬೇಡವಾದರೆ ಸೆಟ್ಟಿಂಗ್‌ನಲ್ಲಿ ನ್ಯೂಸ್ ಮಾತ್ರ ಸಾಕು ಅಂತ ಬರೆಯಿರಿ. ಬಳಸುವವರಿಗೆ ತಿಳಿಯಲೇಬೇಕಾದದ್ದು ಇದ್ದರೆ ಮಾತ್ರ ನ್ಯೂಸ್‌ನಲ್ಲಿ ಬರೆಯುವುದು ಅಲ್ಲಿನ ಪದ್ಧತಿ. ಎಷ್ಟೋ ದಿನ ಅದು ಬಾಯೇ ಬಿಡುವುದಿಲ್ಲ. ಬಾಯಿ ಬಿಟ್ಟ ದಿನವಾದರೂ ಕೇಳಬೇಡವೇ?

ನಾನೂ ಸಾಚಾ ಅಲ್ಲ. 2023ರಲ್ಲಿ ಡೆಬಿಯನ್ 11ರಿಂದ 12ಕ್ಕೆ ಹೋದಾಗ ಕಣ್ಣು ಮುಚ್ಚಿ ಕ್ಯೂ ಒತ್ತಿದೆ. ಆಮೇಲೆ ಹಳೇ ಸರ್ವರ್ ಒಂದಕ್ಕೆ ಲಾಗಿನ್ನೇ ಆಗಲಿಲ್ಲ. ಕೀ ಹಾಳಾಗಿದೆ ಅಂತ ಅರ್ಧ ದಿನ ಹೊಸ ಹೊಸ ಆರ್‌ಎಸ್‌ಎ ಕೀ ಮಾಡುತ್ತಾ ಕೂತೆ. ಕೀ ಸರಿಯಾಗೇ ಇತ್ತು! 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಶಾ-1 ಬಳಸುವ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿದ್ದರು. ಹಳೇ ಸರ್ವರ್‌ಗೆ ಬೇರೆ ಸಹಿ ಬರುತ್ತಿರಲಿಲ್ಲ. ಕೀ ಬದಲಿಸಬೇಕಿಲ್ಲ, ತೀರಾ ಬೇಕಾದರೆ ಆ ಒಂದು ಯಂತ್ರಕ್ಕೆ ಮಾತ್ರ ಹೀಗೆ ವಿನಾಯಿತಿ ಕೊಡಿ ಅಂತ ನಾನು ಮುಚ್ಚಿದ ಆ ಟಿಪ್ಪಣಿಯಲ್ಲೇ ಇತ್ತು.

ಮೊಬೈಲ್ ಆಪ್‌ಗಳು "ದೋಷ ಸರಿಪಡಿಸಲಾಗಿದೆ" ಅಂತ ಒಂದೇ ಸಾಲು ಬರೆದಾಗ ನಾವೇ ಬೈಯುತ್ತೇವೆ. ಇಲ್ಲಿ ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಕೂತು ನಮಗಾಗಿ ಬರೆದರೆ ಓದದೆ ಮುಚ್ಚುತ್ತೇವೆ. ಬರೆಯದವರನ್ನು ಬೈಯುವ ಹಕ್ಕು ಓದದವರಿಗೆ ಎಲ್ಲಿಂದ ಬಂತು?

ಅವರ ಒಂದು ಮಾತು ಮಾತ್ರ ಒಪ್ಪುತ್ತೇನೆ. ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಎಲ್ಲರಿಗೂ ಸಲೀಸಲ್ಲ. ಅದಕ್ಕೆ ಮದ್ದು ಉಪಕರಣ ಕಿತ್ತುಹಾಕುವುದಲ್ಲ. ಲಿನಕ್ಸ್ ಹಾಕುವುದು ಹೇಗೆ ಅಂತ ಬ್ಲಾಗಿನಲ್ಲಿ ಬರೆಯುವ ನಾವು, ಏನು ಬದಲಾಯಿತು ಅಂತಲೂ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬಹುದಲ್ಲ?

ಸದ್ಯಕ್ಕೆ ಸೆಟ್ಟಿಂಗ್‌ನಲ್ಲಿ 'ಕನ್‌ಫರ್ಮ್' ಆನ್ ಮಾಡಿಕೊಳ್ಳಿ. ಟಿಪ್ಪಣಿ ತೋರಿಸಿದ ಮೇಲೆ "ಮುಂದುವರಿಯಲೇ?" ಅಂತ ಕೇಳುತ್ತದೆ. ಬೇಡ ಅಂದರೆ ಅಲ್ಲಿಗೇ ನಿಲ್ಲುತ್ತದೆ. ನಾನು ಮಾಡಿಕೊಂಡಿದ್ದೇನೆ, ಅರ್ಧ ದಿನ ಕಳೆದುಕೊಂಡ ಮೇಲೆ.

ಏನಂತೀರಿ?